ಏಜೆಂಟ್ ಆರೆಂಜ್: ಸೈನಿಕನಿಗೆ ಬೇಡವಾದ ಪುರಾವೆ ಹಳ್ಳಿಯವನಿಗೆ ಯಾಕೆ ಬೇಕಾಯ್ತು?

1991ರಲ್ಲಿ ಅಮೆರಿಕ ಒಂದು ಕಾನೂನು ಮಾಡ್ತು. ವಿಯೆಟ್ನಾಂನಲ್ಲಿ ಯುದ್ಧ ಮಾಡಿ ಬಂದ ಸೈನಿಕನಿಗೆ ಪಟ್ಟಿಲಿರೋ ಕಾಯಿಲೆ ಬಂದ್ರೆ ಅದಕ್ಕೆ ಆ ಯುದ್ಧದಲ್ಲಿ ಸುರಿದ ಏಜೆಂಟ್ ಆರೆಂಜ್ ಅನ್ನೋ ಕಳೆನಾಶಕವೇ ಕಾರಣ ಅಂತ ಸರ್ಕಾರವೇ ಒಪ್ಕೊಳ್ಳುತ್ತೆ, ಯಾವತ್ತು ಎಲ್ಲಿ ಮೈಗೆ ತಾಗ್ತು ಅಂತ ಅವನು ಸಾಬೀತು ಮಾಡ್ಬೇಕಿಲ್ಲ. ಒಳ್ಳೇದೇ. ಆದ್ರೆ ಅದೇ ವಿಷ ಯಾರ ಊರಿನ ಮೇಲೆ ಬಿತ್ತೋ ಅವರಿಗೆ ಈ ರಿಯಾಯಿತಿ ಸಿಗ್ಲಿಲ್ಲ. ಇಷ್ಟು ವರ್ಷದ ಜಗಳ ಎಲ್ಲಾ ಇಲ್ಲೇ ಇರೋದು.

1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಂ ಮೇಲೆ 7 ಕೋಟಿ ಲೀಟರ್‌ಗೂ ಜಾಸ್ತಿ ಕಳೆನಾಶಕ ಸುರಿದ್ವು, ಎದುರಾಳಿಗಳಿಗೆ ಅಡಗೋಕೆ ಕಾಡು ಇರಬಾರ್ದು, ತಿನ್ನೋಕೆ ಬೆಳೆ ಇರಬಾರ್ದು ಅಂತ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಏಜೆಂಟ್ ಆರೆಂಜ್. ಡ್ರಮ್ಮಿನ ಮೇಲೆ ಕಿತ್ತಳೆ ಪಟ್ಟಿ ಇರ್ತಿತ್ತು, ಅದಕ್ಕೇ ಆ ಹೆಸರು. ಅದರಲ್ಲಿದ್ದ 2,4,5-ಟಿ ಅನ್ನೋ ಕೆಮಿಕಲ್ ತಯಾರಾಗುವಾಗ ಜೊತೆಗೇ ಡಯಾಕ್ಸಿನ್ ಹುಟ್ಕೊಳ್ತಿತ್ತು, ನಿಜವಾದ ವಿಷ ಇದು. ಎಲೆ ಮೇಲೆ ಬಿದ್ದಿದ್ದು ಬಿಸಿಲಿಗೆ ಬೇಗ ಹೋಗುತ್ತೆ, ಡ್ರಮ್ಮು ಇಟ್ಟಿದ್ದ ವಾಯುನೆಲೆಗಳ ಮಣ್ಣಿಗೆ, ಕೆರೆ ಹೂಳಿಗೆ ಇಳಿದಿದ್ದು ಹೋಗಲ್ಲ. ಅಲ್ಲಿಂದ ಮೀನು, ಬಾತುಕೋಳಿ, ಅದನ್ನ ತಿಂದವರ ಕೊಬ್ಬು, ತಾಯಿ ಹಾಲು. ಮನುಷ್ಯನ ಮೈಯಲ್ಲಿ ಅರ್ಧ ಇಳಿಯೋಕೇ 7ರಿಂದ 11 ವರ್ಷ ಬೇಕು. ಹಾಗಾಗಿ ಯುದ್ಧ ಮುಗಿದ ಮೇಲೆ ಹುಟ್ಟಿದವರ ಮೈಗೂ ಊಟದ ಮೂಲಕ ಇದು ಹೊಸದಾಗಿ ಸೇರ್ತು, ಅಪ್ಪ ಅಮ್ಮನ ಮೈಗೆ ತಾಗಿದ್ದರ ಹಾನಿ ಮಕ್ಕಳಿಗೆ ಹುಟ್ಟಿನಿಂದಲೇ ಬಂತು ಅನ್ನೋದು ಬೇರೆ ವಿಷಯ. ಈ ಎರಡನ್ನ ಜನ ಕಲಸಿಬಿಡ್ತಾರೆ. ಆ ಹಾನಿ ಮೊಮ್ಮಕ್ಕಳವರೆಗೆ ದಾಟುತ್ತಾ ಅನ್ನೋದರ ಬಗ್ಗೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸುಳಿವು ಸಿಕ್ಕಿದೆ, ಮನುಷ್ಯರ ವಿಷಯದಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತ ಇಲ್ಲ.

ಆ ಒಮ್ಮತ ಇಲ್ಲದಿರೋದು ಕೋರ್ಟಲ್ಲಿ ಇದನ್ನ ತಯಾರಿಸಿದ ಕಂಪನಿಗಳಿಗೆ ಒಂದು ಗುರಾಣಿ. 1984ರಲ್ಲಿ ಅಮೆರಿಕದ ಮಾಜಿ ಸೈನಿಕರಿಗೆ ಕಂಪನಿಗಳು 18 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ವು, ತಪ್ಪು ಅಂತ ಮಾತ್ರ ಒಪ್ಪಲಿಲ್ಲ. 1996ರಲ್ಲಿ ಬೆನ್ನುಹುರಿ ದೋಷ ಇಟ್ಕೊಂಡು ಹುಟ್ಟಿದ ಆ ಸೈನಿಕರ ಮಕ್ಕಳಿಗೂ ನೆರವು ಕೊಡೋ ಕಾನೂನು ಬಂತು. 2004ರಲ್ಲಿ ವಿಯೆಟ್ನಾಂನ ಸಂತ್ರಸ್ತರ ಸಂಘ ನ್ಯೂಯಾರ್ಕಲ್ಲಿ ಕೇಸ್ ಹಾಕ್ತು, ಬಂದಿದ್ದು 1984ರ ರಾಜಿ ನೋಡ್ಕೊಂಡಿದ್ದ ಅದೇ ಜಡ್ಜ್ ಜಾಕ್ ವೈನ್‌ಸ್ಟೈನ್ ಮುಂದೆ. ಆ ಕಾಲದಲ್ಲಿ ಕಳೆನಾಶಕ ಬಳಸೋದನ್ನ ಅಂತಾರಾಷ್ಟ್ರೀಯ ಕಾನೂನು ನಿಷೇಧಿಸಿರ್ಲಿಲ್ಲ ಅಂತ 2005ರಲ್ಲಿ ವಜಾ ಆಯ್ತು, 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಕೈಗೆತ್ತಿಕೊಳ್ಳೋಕೂ ಒಪ್ಪಲಿಲ್ಲ.

ಆದ್ರೂ ದುಡ್ಡು ಬಂತು, ಬೇರೆ ಬಾಗಿಲಿಂದ. 2007ರಿಂದ ಅಮೆರಿಕದ ಸಂಸತ್ತು ಹಣ ಕೊಡೋಕೆ ಶುರು ಮಾಡ್ತು, ಸೆನೆಟರ್ ಪ್ಯಾಟ್ರಿಕ್ ಲೇಹಿ ಅದರ ಹಿಂದೆ ಬಿದ್ದಿದ್ರು. ಡಾ ನಾಂಗ್ ವಾಯುನೆಲೆಯ ಮಣ್ಣನ್ನ ಕಾಯಿಸಿ ವಿಷ ತೆಗೆಯೋ ಕೆಲಸ 2012ರಲ್ಲಿ ಶುರುವಾಗಿ 2018ಕ್ಕೆ ಮುಗೀತು. ಬಿಯೆನ್ ಹೋವಾ ವಾಯುನೆಲೆಯ ಕೆಲಸ ಇನ್ನೂ ದೊಡ್ಡದು, 2025ರ ಶುರುವಲ್ಲಿ ಅಮೆರಿಕ ವಿದೇಶಿ ನೆರವು ತಡೆದಾಗ ಅಗೆದ ಮಣ್ಣು ಹಾಗೇ ಬಿದ್ದಿತ್ತು. ಅಂಗವಿಕಲರಿಗೆ ಕೊಡೋ ಹಣಕ್ಕೆ ಕಾರಣ ಏನೇ ಇರಲಿ ಕೊಡ್ತೀವಿ ಅನ್ನೋ ಷರತ್ತು, ಅಂದ್ರೆ ಏಜೆಂಟ್ ಆರೆಂಜ್ ಹೆಸರೇ ಎತ್ತಬೇಕಿಲ್ಲ. ನಂಗೆ ಇದು ಜಾಣತನವೂ ಅನ್ಸುತ್ತೆ, ನುಣುಚಿಕೊಳ್ಳೋದೂ ಅನ್ಸುತ್ತೆ, ಮಗುವಿಗೆ ಗಾಲಿಕುರ್ಚಿ ಸಿಗುತ್ತೆ ಆದ್ರೆ ಹೊಣೆ ಯಾರ ಮೇಲೂ ಬರಲ್ಲ.

ವಿಯೆಟ್ನಾಂ ಸರ್ಕಾರದ್ದೂ ತನ್ನದೇ ಗೆರೆ ಇದೆ. ವಿಷಕ್ಕೆ ಸಿಕ್ಕವರ ವಿಶೇಷ ಮಾಸಿಕ ಭತ್ಯೆ ಗೆದ್ದ ಕಡೆ ಹೋರಾಡಿದವರಿಗೆ, ಅವರ ಮಕ್ಕಳಿಗೆ. ಅಮೆರಿಕದ ಜೊತೆ ನಿಂತು ಸೋತ ದಕ್ಷಿಣ ವಿಯೆಟ್ನಾಂನ ಸೈಗಾನ್ ಸೇನೆಲಿದ್ದವನಿಗೆ ಅದು ಇಲ್ಲ, ಡಯಾಕ್ಸಿನ್ ಏನೋ ಯಾರ ಕಡೆ ಅಂತ ಕೇಳಿರ್ಲಿಲ್ಲ. ಮೊಮ್ಮಕ್ಕಳನ್ನೂ ಸೇರಿಸಿ ಅಂತ ಸಂತ್ರಸ್ತರ ಸಂಘ ಕೇಳ್ತಾ ಬಂದಿದೆ. ಅದಕ್ಕಿಂತ ಅರ್ಜೆಂಟ್ ಇನ್ನೊಂದಿದೆ, ನಲವತ್ತು ದಾಟಿದ ಮಕ್ಕಳಿಗೆ ಊಟ ಸ್ನಾನ ಎಲ್ಲಾ ಮಾಡಿಸ್ತಿರೋ ತಾಯಂದಿರಿಗೆ ಈಗ ಎಪ್ಪತ್ತರ ಮೇಲೆ, ಅವರ ಕೈಲಿ ಆಗದೇ ಹೋದ ದಿನ ಆ ಮಕ್ಕಳನ್ನ ನೋಡ್ಕೊಳ್ಳೋರು ಯಾರು, ಅವರ ಸಂಬಳ ಯಾರು ಕೊಡ್ತಾರೆ ಅನ್ನೋದು.