ಸೊಪ್ಪು ತೂಗಿ ಮೊಟ್ಟೆಗೆ ಹೇಳಿ

ಪ್ರತಿ ರೇಷ್ಮೆ ಬೆಳೆಗೂ ಮುನ್ನ ನನಗೆ ಬರುವ ಕರೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯವು. "ಸಾರ್, ತೋಟ ಚೆನ್ನಾಗಿದೆ, ಈ ಸಲ ಐವತ್ತು ಮೊಟ್ಟೆ ಜಾಸ್ತಿ ತರಲಾ?" ತೋಟ ಎಂದರೆ ಹುಳುವಿಗೆ ಮೇವು ಕೊಡುವ ಹಿಪ್ಪುನೇರಳೆ ತೋಟ, ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಕನಕಪುರ, ರಾಮನಗರದ ಸುತ್ತಿನ ಹಳ್ಳಿಗಳ ಬೆಳೆಗಾರರಿಗೆ ಇಪ್ಪತ್ತು ವರ್ಷಗಳಿಂದ ಸಲಹೆ ಕೊಡುತ್ತಿರುವ ನಾನು ಈ ಪ್ರಶ್ನೆಗೆ 'ಬೇಡ' ಎಂದಷ್ಟು ಸಲ ಬೇರಾವುದಕ್ಕೂ ಎಂದಿಲ್ಲ. ಆದರೂ ಹದಿನೈದು ದಿನ ಕಳೆದ ಮೇಲೆ ರಾತ್ರಿ ಹತ್ತಕ್ಕೆ ಅದೇ ಮನೆಯಿಂದ ಮತ್ತೆ ಕರೆ ಬರುತ್ತದೆ: ಸೊಪ್ಪು ಮುಗಿದಿದೆ, ಎಲ್ಲಾದರೂ ಸಿಗುತ್ತದೆಯೇ?

ಹುಳು ಮನೆಯ ಸ್ವಚ್ಛತೆ, ಚಾಕಿ ಹುಳುವಿನ (ಎಳೆಯ ಹುಳುವಿನ) ಆಯ್ಕೆ ಇವೆಲ್ಲ ಬೆಳೆಗಾರರಿಗೆ ನನಗಿಂತ ಚೆನ್ನಾಗಿ ಗೊತ್ತು. ತಪ್ಪುವುದು ಒಂದೇ ಲೆಕ್ಕ, ಆದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ. ಮೊಟ್ಟೆಯಿಂದ ಹೊರಬಂದ ಹುಳು ನಾಲ್ಕು ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಕಳೆದು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ, ಹೊತ್ತಿಗೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರಿರುತ್ತದೆ. ತನ್ನ ಇಡೀ ಆಯುಷ್ಯದಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ತಿನ್ನುತ್ತದೆ. ಎರಡನೇ ಜ್ವರ ಕಳೆದ ಹುಳು ಚಾಕಿ ಕೇಂದ್ರದಿಂದ ಮನೆಗೆ ಬಂದಾಗ ಕೆಲವೇ ತಟ್ಟೆಗಳಲ್ಲಿ ಹಿಡಿಸಿಬಿಡುತ್ತದೆ, ತೋಟ ಮಾತ್ರ ಹಸಿರಾಗಿ ನಿಂತಿರುತ್ತದೆ. ಇನ್ನೂ ಐವತ್ತು ಮೊಟ್ಟೆ ತಂದಿದ್ದರೆ ಏನಾಗುತ್ತಿತ್ತು ಎಂದು ಎಂಥವರಿಗೂ ಅನ್ನಿಸುವುದು ಆಗಲೇ. ಆದರೆ ಆ ಹಸಿರನ್ನು ಅಳೆಯಬೇಕಾದದ್ದು ಇಂದಿನ ಹುಳುವಿಗಲ್ಲ, ಕೊನೆಯ ವಾರದ ಹುಳುವಿಗೆ. 100 ಮೊಟ್ಟೆ ಎಂದರೆ ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲದ ಹುಳು, ಅವಕ್ಕೆ ಹೆಚ್ಚು ಕಡಿಮೆ ಒಂದು ಟನ್ ಸೊಪ್ಪು ಬೇಕು. ತಳಿ, ಋತು ಮತ್ತು ಸೊಪ್ಪಿನ ಬಲ ನೋಡಿ ಇದು ಏರಿಳಿಯುವುದರಿಂದ ನನ್ನ ಅಂಕಿಯನ್ನು ಕಟ್ಟಪ್ಪಣೆ ಎಂದು ತಿಳಿಯಬಾರದು.

ಸೊಪ್ಪು ಸಾಲದ ಮನೆಯಲ್ಲಿ ಹುಳು ಹಸಿದಿರುವುದಷ್ಟೇ ಆಗಿದ್ದರೆ ನಷ್ಟ ಸ್ವಲ್ಪದರಲ್ಲೇ ಮುಗಿಯುತ್ತಿತ್ತು. ಬೆಳೆಗಾರ ಪಕ್ಕದೂರಿನಿಂದ ಬಾಡಿದ ಸೊಪ್ಪು ತರುತ್ತಾನೆ, ಮಳೆಯಲ್ಲಿ ನೆನೆದದ್ದನ್ನೂ ಹಾಕುತ್ತಾನೆ, ಆ ತೋಟದ ಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದರೋ ಎಂದು ಕೇಳುವಷ್ಟು ವ್ಯವಧಾನ ಅವನಿಗಿರುವುದಿಲ್ಲ. ಹುಳು ಮೇಯುವ ಒತ್ತೊತ್ತಾದ ಹಾಸಿಗೆಯಲ್ಲಿ ಕಾವೇರುತ್ತದೆ, ಸಪ್ಪೆ ರೋಗವೋ ಹಾಲುತೊಂಡೆ ರೋಗವೋ ಕಾಣಿಸಿಕೊಂಡರೆ ಬೇಗ ಹರಡುತ್ತದೆ. ಉಳಿದ ಹುಳು ಹಣ್ಣಾದಾಗ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟಲು ಬಿಡುವ ತಟ್ಟಿ, ಸಾಲುವುದಿಲ್ಲ. ಚದರ ಅಡಿಗೆ 40ರಿಂದ 50 ಹುಳುವಿನಂತೆ ಆರು ಅಡಿಗೆ ನಾಲ್ಕು ಅಡಿಯ ಒಂದು ಚಂದ್ರಿಕೆಯಲ್ಲಿ ಸುಮಾರು ಸಾವಿರ ಹುಳು ಬಿಡಬಹುದು. ಅದೇ ಜಾಗದಲ್ಲಿ ಒಂದೂವರೆ ಪಟ್ಟು ಸುರಿದರೆ ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಮೇಲಿನ ಹುಳುವಿನ ಮೂತ್ರ ಬಿದ್ದು ಕಲೆಯಾದ ಗೂಡು, ಬೆರಳಿನಲ್ಲಿ ಒತ್ತಿದರೆ ಒಳಕ್ಕೆ ಹೋಗುವ ತೆಳು ಗೂಡು ರಾಶಿಯಲ್ಲಿ ಹೆಚ್ಚುತ್ತವೆ. ಮಾರುಕಟ್ಟೆಯಲ್ಲಿ ರೀಲರ್ (ಗೂಡಿನಿಂದ ನೂಲು ತೆಗೆಯುವವನು) ಜಾಲರಿಗೆ ಕೈಹಾಕಿ ಒಂದು ಹಿಡಿ ಗೂಡು ಎತ್ತಿ, ಒತ್ತಿ, ಕಿವಿಯ ಹತ್ತಿರ ಅಲುಗಾಡಿಸಿ ನೋಡುವುದು ಇವನ್ನೇ. ಒಂದು ಕಿಲೋ ನೂಲಿಗೆ ಆರೂವರೆ ಕಿಲೋ ಗೂಡು ಸಾಕೋ ಎಂಟು ಬೇಕೋ ಎಂಬುದರ ಮೇಲೆ ಅವನ ದಿನದ ಲಾಭನಷ್ಟ ನಿಂತಿರುವಾಗ ಕೆಟ್ಟ ರಾಶಿಗೆ ಅವನು ಬೆಲೆ ಇಳಿಸಿದರೆ ಅವನನ್ನು ಬೈದು ಫಲವಿಲ್ಲ.

ಓದು ಬಿಟ್ಟು ಊರಿಗೆ ಬಂದ ಹುಡುಗನೊಬ್ಬ, ಬಹಳ ಕಷ್ಟಪಡುವವನು, 150 ಮೊಟ್ಟೆಯ ಸೊಪ್ಪಿಗೆ 200 ತಂದಿದ್ದ. ನಾನು ಹೋದದ್ದು ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲಿನ, ಮೂರನೇ ದಿನ. ಚೆನ್ನಾಗಿರುವ ಮನೆಯಲ್ಲಿ ಆ ಹೊತ್ತಿಗೆ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಮಳೆ ಬಿದ್ದಂತೆ ಹುಳು ಮೇಯುವ ಸದ್ದು ಕೇಳಬೇಕು. ಅಲ್ಲಿ ಏನೂ ಕೇಳಲಿಲ್ಲ. ಕಡ್ಡಿಗಳು ಬರಿದಾಗಿದ್ದವು, ಹುಳು ತಲೆಯೆತ್ತಿ ಹಾಸಿಗೆಯ ಅಂಚಿಗೆ ಹರಿದಾಡುತ್ತಿದ್ದವು. ಅವನ ತಾಯಿ ಎಲ್ಲಿಂದಲೋ ಒಂದು ಹೊರೆ ಸೊಪ್ಪು ಹೊತ್ತು ತಂದು ಇಳಿಸಿ, ನನ್ನ ಮುಖ ನೋಡದೆ ಒಳಗೆ ಹೋದರು. ಕೊನೆಗೆ ಅವನಿಗೆ ಸಿಕ್ಕಿದ್ದು 70 ಕಿಲೋ ಗೂಡು. ಆಚೆ ಬೀದಿಯಲ್ಲಿ ಅದೇ ಚಾಕಿ ಕೇಂದ್ರದಿಂದ 100 ಮೊಟ್ಟೆಯ ಹುಳು ತಂದವರಿಗೆ ಅದಕ್ಕಿಂತ ಹೆಚ್ಚು ಬಂದಿತ್ತು, ಬೆಲೆಯೂ ಹೆಚ್ಚು. ಒಂದೇ ಬೆಳೆ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂದು ನಾನೇ ಹೇಳುತ್ತೇನೆ, ಹವೆಯೂ ರೋಗವೂ ತಮ್ಮ ಪಾಲನ್ನು ಕೇಳುತ್ತವೆ. ಆದರೆ ಈ ಮಾದರಿಯ ಬೆಳೆ ಎಷ್ಟು ನೋಡಿದ್ದೇನೆಂದರೆ, ಈಗ ಹೆಚ್ಚಿನ ಮೊಟ್ಟೆಯ ಮಾತೆತ್ತಿದವರ ಮೇಲೆ ನನಗೆ ಸಿಟ್ಟೇ ಬರುತ್ತದೆ.

ನೀರಿದ್ದು, ತೋಟವೂ ಮನೆಯೂ ದೊಡ್ಡದಾದರೆ ಮೊಟ್ಟೆ ಹೆಚ್ಚಿಸಲು ಅಡ್ಡಿಯಿಲ್ಲ. ಮೊದಲು ಸೊಪ್ಪು, ಆಮೇಲೆ ಜಾಗ, ಕೊನೆಗೆ ಮೊಟ್ಟೆ. ಇದನ್ನು ನನಗಿಂತ ಚೆನ್ನಾಗಿ ಪಾಲಿಸುವ ಅಕ್ಕ ಒಬ್ಬರಿದ್ದಾರೆ. ಅವರ ಹುಳು ಮನೆಯ ಬಾಗಿಲ ಹಿಂದೆ ಒಂದು ಕೊಕ್ಕೆ ತಕ್ಕಡಿ ತೂಗುತ್ತಿರುತ್ತದೆ. ಮೊಟ್ಟೆಗೆ ಹೇಳುವ ಮುನ್ನ ತೋಟದ ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ಒಂದೊಂದು ಗಿಡ ಕತ್ತರಿಸಿ ತೂಗಿ, ಗಿಡದ ಲೆಕ್ಕದಿಂದ ಗುಣಿಸಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆದು ಬರೆದುಕೊಳ್ಳುತ್ತಾರೆ. ಕಳೆದದ್ದು ಯಾಕೆ ಎಂದು ಒಮ್ಮೆ ಕೇಳಿದೆ. "ಮಳೆ ಬಂದರೆ ಒಂದು ದಿನ ಸೊಪ್ಪು ಕೊಯ್ಯೋಕೆ ಆಗಲ್ಲ ಸಾರ್, ಹುಳ ಕಾಯುತ್ತಾ?" ಎಂದರು. ಈ ಸಲ ಅವರು ಹೇಳಿರುವುದು 75 ಮೊಟ್ಟೆಗೆ.