ಎಡ-ಬಲ ಮಾತ್ರ ಯಾಕೆ ಒಂದೇ ಥರ?

ಪ್ರಶ್ನೆ: ಮನುಷ್ಯ, ಹಸು, ಚಿಟ್ಟೆ, ಏಡಿ ಎಲ್ಲದರ ಮೈಯೂ ಎಡ-ಬಲ ಒಂದೇ ಥರ ಇರುತ್ತದೆ. ಹಿಂದೆ-ಮುಂದೆ, ಮೇಲೆ-ಕೆಳಗೆ ಮಾತ್ರ ಹಾಗಿಲ್ಲ. ಯಾಕೆ? – ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ತುಂಬ ಒಳ್ಳೆಯ ಪ್ರಶ್ನೆ. ಅದರ ಎರಡನೇ ಮಾತಿನಲ್ಲೇ ಅರ್ಧ ಉತ್ತರ ಇದೆ.

ನಾಲೆಗೆ ನೀರು ಬಿಟ್ಟು ಗದ್ದೆ ಉಳುವಾಗ ಎರೆಹುಳು ಮೇಲೆ ಬರುತ್ತವಲ್ಲ, ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು ನೋಡಿ. ಬಾಯಿರುವ ತುದಿ ಮುಂದಕ್ಕೆ ತಡಕುತ್ತ ಹೋಗುತ್ತದೆ. ಬೆನ್ನು ಕಂದು, ಹೊಟ್ಟೆ ತೆಳು ಬಣ್ಣ. ಬೆನ್ನಿನ ನಡುವೆ ಉದ್ದಕ್ಕೂ ಕಾಣುವ ಕಪ್ಪು ಗೆರೆ ಅದರ ರಕ್ತನಾಳ. ಆ ಗೆರೆಯ ಎರಡು ಮಗ್ಗುಲಲ್ಲಿ ಮಾತ್ರ ಏನೂ ವ್ಯತ್ಯಾಸ ಸಿಗುವುದಿಲ್ಲ.

ಒಂದು ಪ್ರಾಣಿ ಒಂದೇ ದಿಕ್ಕಿಗೆ ಸಾಗಲು ಶುರು ಮಾಡಿತೆಂದರೆ, ಆಹಾರವಾಗಲಿ ಅಪಾಯವಾಗಲಿ ಮೊದಲು ಎದುರಾಗುವುದು ಮುಂತುದಿಗೆ. ಹಾಗಾಗಿ ಬಾಯಿ, ಕಣ್ಣು, ಮೆದುಳು ಅಲ್ಲಿ ಸೇರಿದವು. ಗುರುತ್ವದಿಂದ ನೆಲ ಕೆಳಗೆ, ಬೆಳಕು ಮೇಲೆ. ಆದ್ದರಿಂದ ಹೊಟ್ಟೆ-ಬೆನ್ನು ಬೇರೆಯಾದವು. ಎಡಕ್ಕೂ ಬಲಕ್ಕೂ ಅಂಥ ಕಾರಣವೇ ಇಲ್ಲ. ಬೇಟೆ ಯಾವ ಕಡೆಯಿಂದಲೂ ಬರಬಹುದು, ಓಟ ಯಾವ ಕಡೆಗೂ ತಿರುಗಬಹುದು. ಮೇಲಾಗಿ ಒಂದು ಚಕ್ರ ಚಿಕ್ಕದಾದ ಕಬ್ಬಿನ ಗಾಡಿ ನೆಟ್ಟಗೆ ಹೋಗುತ್ತದೆಯೇ?

ಲೋಳೆಮೀನಿಗೆ (ಜೆಲ್ಲಿಫಿಶ್) ಈ ಒತ್ತಡ ಇರಲಿಲ್ಲ. ನಮ್ಮ ಕೆರೆಗಳಲ್ಲಿ ನೀರುಗಿಡಗಳಿಗೆ ಅಂಟಿಕೊಂಡಿರುವ ಹೈಡ್ರಾಕ್ಕೂ ಇಲ್ಲ. ಆಹಾರ ಸುತ್ತಲಿಂದ ಬರುವುದರಿಂದ ಅವುಗಳ ಮೈ ಸುತ್ತಲೂ ಹೆಚ್ಚುಕಡಿಮೆ ಒಂದೇ. ಆದರೆ ಪ್ರಾಣಿ ಪ್ರಭೇದಗಳಲ್ಲಿ ಶೇ. 99ರಷ್ಟು ಎಡ-ಬಲ ಸಮವಿರುವ ವಂಶದವು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸಿಕ್ಕಿ 2020ರಲ್ಲಿ ಹೆಸರು ಪಡೆದ ಇಕಾರಿಯಾ ಈ ವಂಶದ ಅತಿ ಹಳೆಯ ಪಳೆಯುಳಿಕೆಗಳಲ್ಲೊಂದು. ಸುಮಾರು 55.5 ಕೋಟಿ ವರ್ಷ ಹಳೆಯದು, ಗಾತ್ರ ಅಕ್ಕಿಕಾಳಿನಷ್ಟು. ಮರಳಿನಲ್ಲಿ ತೂರಿಕೊಂಡು ಹೋದ ಅದರ ಜಾಡೂ ಕಲ್ಲಿನಲ್ಲಿ ಉಳಿದಿದೆ. ಹೋಗುವ ದಿಕ್ಕು ಇತ್ತು, ಅದಕ್ಕೆ ತಕ್ಕ ಮೈಯೂ ಇತ್ತು!

ಏಡಿ ಅಡ್ಡಡ್ಡ ನಡೆಯುತ್ತದಲ್ಲ ಎಂದು ನೀವು ಕೇಳಬಹುದು. ಅದರ ಪೂರ್ವಜರು ಉದ್ದ ಮೈಯವು, ಮುಂದಕ್ಕೇ ಸಾಗುತ್ತಿದ್ದವು. ಅಡ್ಡ ನಡಿಗೆ ಆಮೇಲೆ ಬಂದದ್ದು. ಅದಕ್ಕೂ ಎರಡೂ ಮಗ್ಗುಲು ಸಮವಿದ್ದರೇ ಅನುಕೂಲ, ಯಾವ ಕಡೆಗೆ ಬೇಕಾದರೂ ಓಡಬಹುದು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸುವುದು ಬಸವನಹುಳು. ಹೊರಗೆ ಚಾಚುವ ತಲೆ, ತೆವಳುವ ಪಾದ ಎಡ-ಬಲ ಸಮ. ಚಿಪ್ಪಿನೊಳಗಿನ ಅಂಗಗಳು ಮಾತ್ರ ಒಂದೇ ಕಡೆಗೆ ತಿರುಚಿಕೊಂಡಿವೆ. ನಾವೂ ಹಾಗೆಯೇ: ಹೃದಯ ಎಡಕ್ಕೆ ವಾಲಿದೆ, ಪಿತ್ತಜನಕಾಂಗ ಬಲಕ್ಕಿದೆ. ಓಡಾಟಕ್ಕೆ ಸಮತೋಲ ಬೇಕು. ಒಳಗೆ ಉದ್ದದ ಕರುಳನ್ನು ಇರುವಷ್ಟು ಜಾಗದಲ್ಲಿ ಮಡಚಿಡಬೇಕು.

ನಿಜ ಹೇಳಬೇಕೆಂದರೆ ಭ್ರೂಣಕ್ಕೆ ಸಮವಾಗಿ ಬೆಳೆಯುವುದು ಸುಲಭ. ನಡುಗೆರೆಯ ಎರಡೂ ಕಡೆ ಒಂದೇ ಜೀನ್‌ಗಳು ಒಂದೇ ಕ್ರಮದಲ್ಲಿ ಕೆಲಸ ಮಾಡಿದರೆ ಸಾಕು. ವ್ಯತ್ಯಾಸ ಮಾಡುವುದಕ್ಕೇ ಬೇರೆ ಏರ್ಪಾಡು ಬೇಕು. ಇಲಿಯ ಭ್ರೂಣದಲ್ಲಿ ಒಂದು ಪುಟ್ಟ ಗುಳಿ ಇರುತ್ತದೆ. ಅಲ್ಲಿನ ಸೂಕ್ಷ್ಮ ರೋಮಗಳು ಗಿರಗಿರ ತಿರುಗಿ ದ್ರವವನ್ನು ಎಡಕ್ಕೆ ತಳ್ಳುತ್ತವೆ, ಆ ಹರಿವಿನಿಂದಲೇ 'ಇದು ಎಡ' ಎಂಬ ಸೂಚನೆ ಹುಟ್ಟುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1998ರಲ್ಲಿ ತೋರಿಸಿದರು. ಮನುಷ್ಯರಲ್ಲೂ ಈ ರೋಮಗಳು ಹುಟ್ಟಿನಿಂದಲೇ ಸ್ತಬ್ಧವಾಗಿರುವ ಒಂದು ಕಾಯಿಲೆ ಇದೆ. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಕ್ಕಿರುತ್ತದೆ. ಶ್ವಾಸನಾಳದ ರೋಮಗಳೂ ಕಫವನ್ನು ಹೊರದೂಡಲಾರದ್ದರಿಂದ ಚಿಕ್ಕಂದಿನಿಂದಲೇ ಕೆಮ್ಮು, ನೆಗಡಿ ಬೆನ್ನುಬಿಡುವುದಿಲ್ಲ.