ಸಾಲದ ಕಂತು, ಮಣ್ಣಿನ ಅವಧಿ

ಸುಸ್ಥಿರ ಕೃಷಿಯ ಕುರಿತ ವಾದಗಳು ಬಹುಮಟ್ಟಿಗೆ ಇಳುವರಿಯ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ನಡೆದುಬಂದಿರುವ ಹೋಲಿಕೆಯ ಪ್ರಯೋಗವೊಂದರ ಮೊದಲ 21 ವರ್ಷಗಳ ಲೆಕ್ಕದಲ್ಲಿ ಸಾವಯವ ತಾಕುಗಳ ಇಳುವರಿ ರಾಸಾಯನಿಕ ಬಳಸಿದ ತಾಕುಗಳಿಗಿಂತ ಸುಮಾರು ಶೇ. 20ರಷ್ಟು ಕಡಿಮೆಯಿತ್ತು, ಆದರೆ ಗೊಬ್ಬರ ಮತ್ತು ಶಕ್ತಿಯ ಬಳಕೆ ಶೇ. 34ರಿಂದ 53ರಷ್ಟು, ಕೀಟನಾಶಕದ ಬಳಕೆ ಶೇ. 97ರಷ್ಟು ಇಳಿದಿತ್ತು. ಇಂಥ ಅಂಕಿಗಳಲ್ಲಿ ಒಂದು ಪಕ್ಷದವರು ಮೊದಲ ಸಾಲನ್ನಷ್ಟೇ ಓದುತ್ತಾರೆ, ಇನ್ನೊಂದು ಪಕ್ಷದವರು ಉಳಿದುದನ್ನು. ಕೃಷಿಯನ್ನು ಉದ್ಯಮವಾಗಿ ನಡೆಸುವವನಿಗಾದರೋ ಮುಖ್ಯವಾದದ್ದು ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣ, ಮತ್ತು ಅದು ಯಾವಾಗ ಕೈಗೆ ಬರುತ್ತದೆ ಎಂಬುದು.

ಉಳಿಯುವ ಹಣದ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಉಪಯುಕ್ತವಾಗಿದೆ. ಐದು ಖಂಡಗಳ 14 ದೇಶಗಳಲ್ಲಿ, 55 ಬೆಳೆಗಳ ಮೇಲೆ, ನಾಲ್ಕು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಅದರ ಪ್ರಕಾರ, ಸಾವಯವ ಬೆಳೆಗಾರರಿಗೆ ಶೇ. 29ರಿಂದ 32ರಷ್ಟು ಹೆಚ್ಚಿನ ಬೆಲೆ ಸಿಗುತ್ತಿತ್ತು ಮತ್ತು ಅವರ ಲಾಭ ಇತರರಿಗಿಂತ ಶೇ. 22ರಿಂದ 35ರಷ್ಟು ಅಧಿಕವಾಗಿತ್ತು. ಆ ಹೆಚ್ಚುವರಿ ಬೆಲೆಯನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಅವರು ಹಿಂದೆ ಬೀಳುತ್ತಿದ್ದರು. ಆದರೆ ಸರಿಸಮನಾಗಲು ಬೇಕಾಗಿದ್ದ ಹೆಚ್ಚಳ ಶೇ. 5ರಿಂದ 7 ಮಾತ್ರ. ಕೂಲಿಯ ಖರ್ಚು ಶೇ. 7ರಿಂದ 13ರಷ್ಟು ಜಾಸ್ತಿ ಇದ್ದರೂ, ಕೊಂಡು ತರುವ ಒಳಸುರಿಗಳಲ್ಲಾದ ಉಳಿತಾಯ ಅದನ್ನು ಬಹುಪಾಲು ಸರಿದೂಗಿಸಿತ್ತು.

ಇಷ್ಟು ಲಾಭದಾಯಕವಾಗಿದ್ದರೆ ಎಲ್ಲರೂ ಏಕೆ ಈ ದಾರಿ ಹಿಡಿಯುತ್ತಿಲ್ಲ? ನನ್ನ ಅಭಿಪ್ರಾಯದಲ್ಲಿ ಮುಖ್ಯ ತೊಡಕು ಇರುವುದು ಕಾಲದಲ್ಲಿ. ಸಾವಯವ ಪ್ರಮಾಣಪತ್ರ ಸಿಗಬೇಕಾದರೆ ಯುರೋಪಿನ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚಿನ ಎರಡು ವರ್ಷ, ಅಮೆರಿಕದಲ್ಲಿ ಕೊಯ್ಲಿಗೆ ಮುಂಚಿನ ಮೂರು ವರ್ಷ, ನಿಷೇಧಿತ ರಾಸಾಯನಿಕಗಳನ್ನು ಜಮೀನಿಗೆ ಸೋಕಿಸದೆ ಇರಬೇಕು. ಈ ಪರಿವರ್ತನೆಯ ಅವಧಿಯಲ್ಲಿ ಇಳುವರಿ ಸಾವಯವದ್ದು, ಬೆಲೆ ಮಾತ್ರ ಸಾಮಾನ್ಯ ಮಾರುಕಟ್ಟೆಯದ್ದು. ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಪುಕ್ಕಟೆಯಾಗಿಯೇ ಒದಗಿಸುತ್ತವೆ ನಿಜ. ಆದರೆ ಮಣ್ಣಿನ ಸಾವಯವ ಅಂಶ ಏರಲು ವರ್ಷಗಟ್ಟಲೆ ಬೇಕು, ಸಾಲದ ಕಂತಿಗೆ ಅಷ್ಟು ತಾಳ್ಮೆಯಿಲ್ಲ. ಈ ಅವಧಿಯನ್ನು ಆದೇಶದಿಂದ ಮೊಟಕುಗೊಳಿಸಲಾಗದು ಎಂಬುದನ್ನು ಶ್ರೀಲಂಕಾ ಅನುಭವಿಸಿ ಕಂಡಿತು: 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿದ ಸರ್ಕಾರ, ಭತ್ತ ಮತ್ತು ಚಹಾ ಬೆಳೆಗಾರರ ಸಂಕಟದ ನಡುವೆ, ಅದೇ ನವೆಂಬರ್‌ನಲ್ಲಿ ಹಿಂದೆ ಸರಿಯಬೇಕಾಯಿತು.

ಪ್ರಮಾಣಪತ್ರದ ಹಂಗಿಲ್ಲದ ಮಧ್ಯದ ದಾರಿಯೂ ಒಂದಿದೆ, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಮೆರಿಕದ ಅಯೋವಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮೆಕ್ಕೆಜೋಳ ಮತ್ತು ಸೋಯಾಬೀನ್‌ಗಳ ಎರಡು ವರ್ಷದ ಸರದಿಯನ್ನು, ಓಟ್ಸ್‌ನಂಥ ಧಾನ್ಯ ಮತ್ತು ಕ್ಲೋವರ್ ಅಥವಾ ಕುದುರೆ ಮಸಾಲೆಯಂಥ ದ್ವಿದಳ ಮೇವಿನ ಬೆಳೆಯನ್ನು ಸೇರಿಸಿದ ಮೂರು ಹಾಗೂ ನಾಲ್ಕು ವರ್ಷದ ಸರದಿಗಳೊಡನೆ ಹೋಲಿಸಲಾಯಿತು. ಕೊಟ್ಟಿಗೆ ಗೊಬ್ಬರವನ್ನೂ ಪಡೆದ ದೀರ್ಘ ಸರದಿಗಳಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕಳೆನಾಶಕಗಳು ಅಲ್ಪ ಪ್ರಮಾಣದಲ್ಲಿ ಸಾಕಾದವು. ಇಳುವರಿ ಕುಗ್ಗಲಿಲ್ಲ, ಲಾಭ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಹೆಚ್ಚಿದ್ದು ದುಡಿಮೆ. ರಾಸಾಯನಿಕಕ್ಕೆ ಹೋಗುತ್ತಿದ್ದ ಹಣ ಮನುಷ್ಯನ ಕೆಲಸ ಮತ್ತು ತಿಳಿವಳಿಕೆಯ ಕಡೆಗೆ ಹರಿಯಿತು ಎನ್ನಬಹುದು. ಸಾರಜನಕ ಗೊಬ್ಬರದ ತಯಾರಿಕೆ ಬಹುಮಟ್ಟಿಗೆ ನೈಸರ್ಗಿಕ ಅನಿಲವನ್ನು ಅವಲಂಬಿಸಿರುವುದರಿಂದ, 2022ರಂತೆ ಅನಿಲ ದುಬಾರಿಯಾದಾಗ ಗೊಬ್ಬರದ ಬೆಲೆಯೂ ನೆಗೆಯುತ್ತದೆ. ಅಂಥ ವರ್ಷಗಳಲ್ಲಿ ಈ ಸರದಿಗಳು ಒಂದು ಬಗೆಯ ವಿಮೆಯಾಗುತ್ತವೆ. ಆದರೆ ಕುದುರೆ ಮಸಾಲೆಯನ್ನು ಕೊಳ್ಳಲು ಹತ್ತಿರದಲ್ಲಿ ಜಾನುವಾರು ಸಾಕುವವರು ಇರಲೇಬೇಕು. ಎರಡೇ ಬೆಳೆಗಳಿಗಾಗಿ ಗೋದಾಮುಗಳನ್ನು ಕಟ್ಟಿಕೊಂಡ ಸೀಮೆಯಲ್ಲಿ ಮೂರನೆಯ ಬೆಳೆಗೆ ಗಿರಾಕಿಯೇ ಇರುವುದಿಲ್ಲ.

ಹೊಸ ಆದಾಯದ ದಾರಿಗಳೂ ತೆರೆಯುತ್ತಿವೆ. 1986ರಲ್ಲಿ ಅಮೆರಿಕದ ಎರಡು ತೋಟಗಳಲ್ಲಿ ಆರಂಭವಾದ ಪದ್ಧತಿಯೊಂದರಲ್ಲಿ ಗ್ರಾಹಕರು ಹಂಗಾಮಿಗೆ ಮೊದಲೇ ಪಾಲಿನ ಹಣ ಕಟ್ಟಿ ಬೆಳೆಗಾರನ ನಷ್ಟಭಯವನ್ನು ಹಂಚಿಕೊಳ್ಳುತ್ತಾರೆ. ಜರ್ಮನಿಯ ಹೆಗೆಲ್‌ಬಾಖ್‌ನಲ್ಲಿ ಎತ್ತರದ ಕಂಬಗಳ ಮೇಲೆ ಸೌರಫಲಕ ಹೂಡಿ ಕೆಳಗೆ ಬೆಳೆ ತೆಗೆದಾಗ, ಬರಪೀಡಿತ 2018ರಲ್ಲಿ ನಾಲ್ಕು ಬೆಳೆಗಳ ಪೈಕಿ ಮೂರು, ಆ ನೆರಳಿನ ದೆಸೆಯಿಂದ, ಬಯಲಿಗಿಂತ ಹೆಚ್ಚು ಇಳುವರಿ ಕೊಟ್ಟವು. ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟು ಅದನ್ನು ಇಂಗಾಲ ಹೊರಸೂಸುವ ಕಂಪನಿಗಳಿಗೆ ಕ್ರೆಡಿಟ್ ಆಗಿ ಮಾರುವ ಯೋಜನೆಗಳ ಬಗ್ಗೆ ಮಾತ್ರ ನನಗೆ ಅನುಮಾನವಿದೆ: ಒಂದೇ ಹೊಲದಲ್ಲಿ ಇಂಗಾಲದ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅಳೆಯಲು ಹಣ ಬೇಕು, ಮತ್ತೆ ಆಳವಾಗಿ ಉತ್ತರೆ ಕೂಡಿಟ್ಟದ್ದು ಬಹುಪಾಲು ಕರಗಿ ಹೋಗಬಹುದು.

ಗೇಣಿಗೆ ಭೂಮಿ ಹಿಡಿದವನ ಸಮಸ್ಯೆ ಎಲ್ಲಕ್ಕಿಂತ ಕಠಿಣ. ಮುಂದಿನ ವರ್ಷ ಜಮೀನು ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವನು ಐದು ವರ್ಷದ ನಂತರ ಫಲ ಕೊಡುವ ಮಣ್ಣಿಗೆ ಏಕೆ ಹಣ ಸುರಿಯಬೇಕು? ಇಂಗ್ಲೆಂಡು ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಎದುರಿಸಿತ್ತು. ಗೇಣಿದಾರನು ಬಿಟ್ಟುಹೋಗುವಾಗ ಮಣ್ಣಿನಲ್ಲಿ ಇನ್ನೂ ಉಳಿದಿರುವ ಗೊಬ್ಬರದ ಬೆಲೆಯನ್ನು ಪರಿಹಾರವಾಗಿ ಕೊಡಬೇಕೆಂದು 1875ರ ಕಾಯ್ದೆ ಹೇಳಿತು. ಭೂಮಾಲೀಕರು ಕರಾರಿನ ಮೂಲಕ ಅದರಿಂದ ನುಣುಚಿಕೊಳ್ಳುತ್ತಿದ್ದುದರಿಂದ 1883ರ ಕಾಯ್ದೆ ಅದನ್ನು ಕಡ್ಡಾಯಗೊಳಿಸಿತು. ಎಷ್ಟು ಉಳಿದಿದೆ ಎಂದು ನಿರ್ಧರಿಸುವುದು ಹೇಗೆ? 1843ರಿಂದ ರೋಥಮ್‌ಸ್ಟೆಡ್‌ನಲ್ಲಿ ಪ್ರಯೋಗ ನಡೆಸುತ್ತಿದ್ದ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್, ಜಾನುವಾರುಗಳಿಗೆ ತಿನ್ನಿಸಿದ ಹಿಂಡಿ ಮುಂತಾದವು ಗೊಬ್ಬರವಾಗಿ ನೆಲ ಸೇರಿದ ಮೇಲೆ ಅದರ ಸತ್ವದಲ್ಲಿ ವರ್ಷದಿಂದ ವರ್ಷಕ್ಕೆ ಎಷ್ಟು ಉಳಿಯುತ್ತದೆ ಎಂಬುದರ ಕೋಷ್ಟಕಗಳನ್ನು ಸಿದ್ಧಪಡಿಸಿ ಕೊಟ್ಟರು. ಬೆಲೆ ಕಟ್ಟುವವರು ಆ ಕೋಷ್ಟಕಗಳನ್ನು ಮುಂದಿಟ್ಟುಕೊಂಡೇ ಹೊರಟುನಿಂತ ಗೇಣಿದಾರನ ಲೆಕ್ಕ ತೀರಿಸಬಹುದಾಗಿತ್ತು.